ಹಣ ಹೋಯಿತು, ಟಿಕೆಟ್ ಬರಲಿಲ್ಲ: ಬ್ಯಾಕೆಂಡ್ ಕೋಡ್ ಮತ್ತು ಅದನ್ನು ಬರೆಯುವ ತಂಡ

ಟಿಕೆಟ್ ಬುಕ್ ಮಾಡುತ್ತಿದ್ದೀರಿ. ಹಣ ಕಟ್ಟುವ ಬಟನ್ ಒತ್ತಿದ್ದೂ ಆಯಿತು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ. ಒಂದು ನಿಮಿಷ ಕಳೆದ ಮೇಲೆ 'ಏನೋ ತೊಂದರೆಯಾಗಿದೆ, ಮತ್ತೆ ಪ್ರಯತ್ನಿಸಿ' ಅಂತ ಬಂತು. ಅಷ್ಟರಲ್ಲೇ ಬ್ಯಾಂಕಿನಿಂದ ಮೆಸೇಜ್: ಖಾತೆಯಿಂದ ಹಣ ಕಡಿತವಾಗಿದೆ. ಈಗ ಬಟನ್ ಮತ್ತೆ ಒತ್ತಬೇಕಾ, ಬೇಡವಾ?

ನಾನು ಬ್ಯಾಕೆಂಡ್ ಡೆವಲಪರ್. ಆ ಹೊತ್ತಿನಲ್ಲಿ ನಿಮ್ಮನ್ನು ಕಾಡುವ ಪ್ರಶ್ನೆಯೇ ಕೋಡ್ ಬರೆಯುವಾಗ ನಮ್ಮನ್ನೂ ಕಾಡುತ್ತದೆ. ಇಂಥ ಕಡೆ ಕೋಡ್ ಸರಿಯಾಗಿ ನಡೆದುಕೊಳ್ಳಬೇಕಾದರೆ ಬರೆದವರು ಜಾಣರಾಗಿದ್ದರೆ ಸಾಲದು. ಅವರ ತಲೆಯಲ್ಲಿರುವುದು ತಂಡದ ಉಳಿದವರಿಗೂ ಕಾಣುವ ಹಾಗೆ ಹೊರಗೆ ಬಂದಿರಬೇಕು. 'ಒಳ್ಳೆಯ ಕೋಡಿಂಗ್ ಅಭ್ಯಾಸ' ಎಂದು ನಾವು ಕರೆಯುವ ಬಹುಪಾಲು ಸಂಗತಿಗಳು ಇದಕ್ಕಾಗಿಯೇ ಹುಟ್ಟಿಕೊಂಡಿವೆ. ಹೇಗೆ ಅನ್ನುವುದನ್ನು ಬುಡದಿಂದ ನೋಡೋಣ.

## ಬ್ಯಾಕೆಂಡ್ ಅಂದರೆ ಏನು?

ನೀವು ನೋಡುವ ಬಟನ್, ಬಣ್ಣ, ಫಾರಂ ಎಲ್ಲ ಸೇರಿ ಫ್ರಂಟೆಂಡ್. ಅದು ನಿಮ್ಮ ಫೋನಿನಲ್ಲೋ ಬ್ರೌಸರ್‌ನಲ್ಲೋ ಓಡುತ್ತದೆ. ಬಟನ್ ಒತ್ತಿದಾಗ ಅಲ್ಲಿಂದ ಒಂದು ಕೋರಿಕೆ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ ಹೋಗುತ್ತದೆ. ಈ ಕೋರಿಕೆಯನ್ನು ರಿಕ್ವೆಸ್ಟ್ ಅನ್ನುತ್ತೇವೆ. ಸರ್ವರ್ ಅದನ್ನು ಓದಿ, ಡೇಟಾಬೇಸ್‌ನಲ್ಲಿ ಬರೆದಿಟ್ಟು, ಬೇಕಾದರೆ ಬ್ಯಾಂಕಿನಂಥ ಬೇರೆ ಸರ್ವರ್‌ಗಳನ್ನು ಕೇಳಿ, ಉತ್ತರ ಕಳಿಸುತ್ತದೆ. ಈ ಕೆಲಸ ಮಾಡುವ ಕೋಡೇ ಬ್ಯಾಕೆಂಡ್.

ಮನೆಯ ಸ್ವಿಚ್ ಗೋಡೆಯ ಮೇಲೆ ಕಾಣುತ್ತದೆ, ವೈರಿಂಗ್ ಗೋಡೆಯ ಒಳಗಿರುತ್ತದೆ. ಬ್ಯಾಕೆಂಡ್ ಈ ವೈರಿಂಗ್ ಇದ್ದ ಹಾಗೆ. ಒಂದು ವ್ಯತ್ಯಾಸವಿದೆ. ಮನೆಯ ವೈರಿಂಗ್ ಒಮ್ಮೆ ಮಾಡಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಬ್ಯಾಕೆಂಡ್ ಕೋಡನ್ನು ದಿನಾ ಹಲವರು ಬದಲಿಸುತ್ತಾರೆ. ಅದೂ ಮನೆಯವರು ದೀಪ ಹಾಕಿಕೊಂಡು ಕುಳಿತಿರುವಾಗಲೇ.

## ಆಯಿತು, ಆಗಲಿಲ್ಲ, ಗೊತ್ತಿಲ್ಲ

ಟಿಕೆಟ್ ಕಥೆಗೆ ಬರೋಣ. ನಮ್ಮ ಸರ್ವರ್ ಬ್ಯಾಂಕಿನ ಸರ್ವರ್‌ಗೆ 'ಇಷ್ಟು ಹಣ ತೆಗೆದುಕೊಳ್ಳಿ' ಎಂದು ಕೇಳಿತು. ಉತ್ತರ ಬರಲಿಲ್ಲ. ಎಷ್ಟು ಹೊತ್ತು ಕಾಯುವುದು? ಅದಕ್ಕೊಂದು ಮಿತಿ ಇಟ್ಟಿರುತ್ತೇವೆ. ಆ ಮಿತಿ ಮುಗಿದರೆ ಅದು ಟೈಮ್‌ಔಟ್.

ಟೈಮ್‌ಔಟ್ ಆದಾಗ ಆ ಕಡೆ ಏನಾಗಿರಬಹುದು? ನಮ್ಮ ಮಾತು ತಲುಪದೇ ಹೋಗಿರಬಹುದು. ತಲುಪಿ, ಕೆಲಸ ಅರ್ಧಕ್ಕೆ ನಿಂತಿರಬಹುದು. ಅಥವಾ ಕೆಲಸ ಪೂರ್ತಿ ಮುಗಿದು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಕಾಗದ ಬರೆದು ಉತ್ತರಕ್ಕೆ ಕಾಯುವವರ ಸ್ಥಿತಿ ಇದು. ಕಾಗದ ಕಳೆಯಿತೋ, ಉತ್ತರ ಕಳೆಯಿತೋ ಗೊತ್ತಾಗುವುದಿಲ್ಲ. ಮೂರೂ ಸಂದರ್ಭಗಳಲ್ಲಿ ನಮಗೆ ಕೇಳಿಸುವುದು ಮೌನ ಮಾತ್ರ.

ಹೊಸದಾಗಿ ಕೋಡ್ ಬರೆಯುವವರು ಈ ಮೌನವನ್ನು 'ಆಗಲಿಲ್ಲ' ಎಂದೇ ಓದುತ್ತಾರೆ. ಹಾಗೆ ಓದಿ ಮತ್ತೊಮ್ಮೆ ಕೇಳಿದರೆ ಹಣ ಎರಡು ಸಲ ಕಡಿತವಾಗಬಹುದು. ಒಳ್ಳೆಯ ಬ್ಯಾಕೆಂಡ್ ಕೋಡ್‌ನಲ್ಲಿ 'ಆಯಿತು', 'ಆಗಲಿಲ್ಲ' ಎಂಬ ಎರಡರ ಜೊತೆ 'ಗೊತ್ತಿಲ್ಲ' ಎಂಬ ಮೂರನೇ ಸ್ಥಿತಿಗೂ ಜಾಗವಿರುತ್ತದೆ.

ಎರಡು ಸಲ ಕಡಿತವಾಗದಂತೆ ತಡೆಯಲು ಒಂದು ಉಪಾಯವಿದೆ. ಅದರ ಹೆಸರು ಐಡೆಂಪೊಟೆನ್ಸಿ. ಹೆಸರು ಬಾಯಿಗೆ ಕಷ್ಟ, ವಿಚಾರ ಸುಲಭ. ಲಿಫ್ಟಿನ ಬಟನ್ ಒಂದು ಸಲ ಒತ್ತಿ, ಹತ್ತು ಸಲ ಒತ್ತಿ, ಲಿಫ್ಟ್ ಬರುವುದು ಒಂದೇ ಸಲ, ಅಲ್ವಾ? ಹಾಗೆಯೇ ಪ್ರತಿ ಪಾವತಿಗೂ ಒಂದು ವಿಶಿಷ್ಟ ಸಂಖ್ಯೆ ಕೊಡುತ್ತೇವೆ. ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಕೆಲಸ ಮಾಡುವುದಿಲ್ಲ. ಹಿಂದೆ ಕೊಟ್ಟ ಉತ್ತರವನ್ನೇ ಮತ್ತೆ ಕೊಡುತ್ತದೆ.

ಇನ್ನೊಂದು ತೊಂದರೆ ಕೊನೆಯ ಸೀಟಿನದು. ಇಬ್ಬರು ಒಂದೇ ಕ್ಷಣದಲ್ಲಿ ನೋಡಿದರು. ಇಬ್ಬರಿಗೂ '1 ಸೀಟು ಉಳಿದಿದೆ' ಎಂದು ಕಂಡಿತು. ಇಬ್ಬರೂ ಬುಕ್ ಮಾಡಿದರು. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇರುವ ಆ ಸಣ್ಣ ಬಿಡುವಿನಲ್ಲಿ ತಪ್ಪು ನುಸುಳುತ್ತದೆ. ಇದು ರೇಸ್ ಕಂಡೀಷನ್. ಇದನ್ನು ತಡೆಯುವ ಕೆಲಸವನ್ನು ಸಾಮಾನ್ಯವಾಗಿ ಡೇಟಾಬೇಸ್‌ಗೇ ವಹಿಸುತ್ತೇವೆ. 'ಒಂದು ಸೀಟಿಗೆ ಒಂದೇ ಬುಕಿಂಗ್' ಎಂದು ಅಲ್ಲೇ ನಿಯಮ ಹಾಕಿದರೆ ಎರಡನೆಯದನ್ನು ಅದು ಒಪ್ಪುವುದಿಲ್ಲ.

ಪರಿಹಾರಗಳೇನೋ ಇವೆ. ಆದರೆ ಕೋಡ್‌ನಲ್ಲಿ ಇವು ಒಂದೆರಡು ಸಾಲಿನ ವಿಚಿತ್ರ ಚೆಕ್‌ಗಳಾಗಿ ಕಾಣುತ್ತವೆ. ಎರಡು ವರ್ಷದ ನಂತರ ಬಂದ ಹೊಸಬರಿಗೆ 'ಇದು ಸುಮ್ನೆ ಇದೆ, ತೆಗೆದುಬಿಡೋಣ' ಅನ್ನಿಸಬಹುದು. ತೆಗೆದ ದಿನ ಏನೂ ಆಗುವುದಿಲ್ಲ. ನೆಟ್‌ವರ್ಕ್ ಹದಗೆಟ್ಟ ದಿನ ಸಾವಿರಾರು ಜನರ ಹಣ ಎರಡು ಸಲ ಹೋಗುತ್ತದೆ.

## 30 ಅಂದರೆ 30 ಏನು?

ಕೋಡನ್ನು ಬರೆಯುವುದು ಒಂದು ಸಲ. ಓದುವುದು ಹತ್ತಾರು ಸಲ. ಕಂಪ್ಯೂಟರಿಗೆ ಹೆಸರುಗಳು ಬೇಕಿಲ್ಲ. 'ಎ', 'ಬಿ', 'ಡೇಟಾ2' ಎಂದಿದ್ದರೂ ಅದು ಓಡಿಸುತ್ತದೆ. ಹೆಸರು ಬೇಕಿರುವುದು ಓದುವ ಮನುಷ್ಯರಿಗೆ.

ಕೋಡ್‌ನಲ್ಲಿ 'ಟೈಮ್‌ಔಟ್ = 30' ಎಂದಿದೆ ಅಂದುಕೊಳ್ಳಿ. 30 ಸೆಕೆಂಡೋ, ಮಿಲಿಸೆಕೆಂಡೋ? ಬರೆದವರಿಗೆ ಗೊತ್ತಿತ್ತು. ಅವರ ತಲೆಯಲ್ಲೇ ಉಳಿಯಿತು. 'ಟೈಮ್‌ಔಟ್ ಸೆಕೆಂಡ್‌ಗಳಲ್ಲಿ = 30' ಎಂದು ಹೆಸರಿಟ್ಟಿದ್ದರೆ ಯಾರೂ ಕೇಳಬೇಕಿರಲಿಲ್ಲ.

ಇದು ಸಣ್ಣ ವಿಷಯ ಅನ್ನಿಸಿದರೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಿಸಿಕೊಳ್ಳಿ. ನಾಸಾದ ಈ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಬಳಿ ಕಾಣೆಯಾಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ನೌಕೆಯ ಸಣ್ಣ ಎಂಜಿನ್‌ಗಳ ತಳ್ಳುವಿಕೆಯನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು. ಅದನ್ನು ಪಡೆಯುವ ಸಾಫ್ಟ್‌ವೇರ್ ನ್ಯೂಟನ್ ಲೆಕ್ಕ ಎಂದುಕೊಂಡಿತ್ತು. ಎರಡರ ನಡುವೆ ಸುಮಾರು 4.45 ಪಟ್ಟು ವ್ಯತ್ಯಾಸ. ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ 57 ಕಿಲೋಮೀಟರ್‌ವರೆಗೆ ಇಳಿಯಿತು ಎಂದು ನಂತರದ ಲೆಕ್ಕಾಚಾರ ಹೇಳಿತು. ಪಯಣದ ನಡುವೆಯೇ ಲೆಕ್ಕ ಸರಿಹೊಂದುತ್ತಿಲ್ಲ ಎಂದು ಕೆಲವರಿಗೆ ಅನ್ನಿಸಿತ್ತು. ಆದರೆ ತಂಡಗಳ ನಡುವಿನ ಮಾತುಕತೆ ಸಡಿಲವಾಗಿತ್ತು ಎಂದು ತನಿಖಾ ಮಂಡಳಿ ಬರೆದಿದೆ. ಅನುಮಾನ ಬಂದವರ ಮಾತು ಸರಿಪಡಿಸಬಲ್ಲವರ ಮೇಜಿನ ಮೇಲೆ ಹೋಗಿ ಕೂರಲಿಲ್ಲ.

ಹೆಸರಿನಲ್ಲಿ ಹಿಡಿಸದ ಸಂಗತಿಗೆ ಕಾಮೆಂಟ್ ಬರೆಯುತ್ತೇವೆ. ಅದು ಕೋಡ್ ನಡುವೆ ಮನುಷ್ಯರಿಗಾಗಿ ಬಿಟ್ಟ ಟಿಪ್ಪಣಿ. 'ಇಲ್ಲಿ ಒಂದನ್ನು ಕೂಡಿಸುತ್ತಿದ್ದೇವೆ' ಎಂಬ ಕಾಮೆಂಟ್ ಕೆಲಸಕ್ಕೆ ಬಾರದು, ಅದು ಕೋಡ್ ನೋಡಿದರೇ ಕಾಣುತ್ತದೆ. 'ಬ್ಯಾಂಕಿನ ಪಟ್ಟಿ ಒಂದರಿಂದ ಶುರುವಾಗುತ್ತದೆ, ನಮ್ಮದು ಸೊನ್ನೆಯಿಂದ, ಅದಕ್ಕೆ ಕೂಡಿಸಿದ್ದೇವೆ' ಎಂದು ಬರೆದರೆ ಅದು ನಿಜವಾದ ಸಹಾಯ. ಏನು ಮಾಡಿದ್ದೇವೆ ಎಂದು ಕೋಡೇ ಹೇಳುತ್ತದೆ. ಯಾಕೆ ಮಾಡಿದ್ದೇವೆ ಎಂದು ಹೇಳಲು ಮನುಷ್ಯರೇ ಬೇಕು.

## ಗಿಟ್: ಕೋಡಿನ ದಿನಚರಿ

ಹತ್ತು ಜನ ಒಂದೇ ಕೋಡನ್ನು ತಿದ್ದುವಾಗ ಯಾರು, ಯಾವಾಗ, ಏನು ಬದಲಿಸಿದರು ಎಂಬ ಲೆಕ್ಕ ಬೇಕು. ಇವತ್ತು ಹೆಚ್ಚಿನ ತಂಡಗಳು ಇದಕ್ಕೆ ಗಿಟ್ ಬಳಸುತ್ತವೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ರೂಪಿಸಿದ ಲಿನಸ್ ಟೊರ್ವಾಲ್ಡ್ಸ್ ಇದನ್ನು 2005ರ ಏಪ್ರಿಲ್‌ನಲ್ಲಿ ಶುರುಮಾಡಿದರು. ಲಿನಕ್ಸ್ ತಂಡ ಅಲ್ಲಿಯವರೆಗೆ ಬಿಟ್‌ಕೀಪರ್ ಎಂಬ ಸಾಧನವನ್ನು ಉಚಿತವಾಗಿ ಬಳಸುತ್ತಿತ್ತು. ಆ ಸವಲತ್ತು ನಿಂತಾಗ ಬೇರೆ ದಾರಿ ಬೇಕಾಯಿತು.

ಗಿಟ್‌ನಲ್ಲಿ ಪ್ರತಿ ಬದಲಾವಣೆಯನ್ನೂ ಒಂದು ಕಮಿಟ್ ಆಗಿ ದಾಖಲಿಸುತ್ತೇವೆ. ಜೊತೆಗೆ ಒಂದು ಸಂದೇಶ ಬರೆಯಬೇಕು. ಸುಸ್ತಾದ ಸಂಜೆ ಅಲ್ಲಿ 'ಫಿಕ್ಸ್' ಎಂದಷ್ಟೇ ಬರೆದು ಮನೆಗೆ ಹೋಗುವುದು ಸುಲಭ. ಆದರೆ 'ಟೈಮ್‌ಔಟ್ ಆದಾಗ ಪಾವತಿ ಎರಡು ಸಲ ಹೋಗುತ್ತಿತ್ತು, ಈಗ ಮೊದಲು ಸ್ಥಿತಿ ಕೇಳುತ್ತೇವೆ' ಎಂದು ಬರೆದ ಒಂದು ಸಾಲು ವರ್ಷಗಳ ನಂತರ ಯಾರದೋ ಅರ್ಧ ದಿನ ಉಳಿಸುತ್ತದೆ.

ಗಿಟ್‌ನಲ್ಲಿ 'ಬ್ಲೇಮ್' ಎಂಬ ಆಜ್ಞೆ ಇದೆ. ಯಾವ ಸಾಲನ್ನು ಯಾರು ಬರೆದರು ಎಂದು ಅದು ತೋರಿಸುತ್ತದೆ. ಬ್ಲೇಮ್ ಅಂದರೆ ದೂರುವುದು. ಈ ಹೆಸರು ನನಗೆ ಇಷ್ಟವಿಲ್ಲ. ನಾವು ಅದನ್ನು ಬಳಸುವುದು ಯಾರನ್ನು ಕೇಳಬೇಕು ಎಂದು ತಿಳಿಯಲು.

## ಇನ್ನೊಂದು ಜೊತೆ ಕಣ್ಣು

ಬರೆದ ಕೋಡ್ ನೇರವಾಗಿ ಸರ್ವರ್‌ಗೆ ಹೋಗುವುದಿಲ್ಲ. ಮೊದಲು ಸಹೋದ್ಯೋಗಿಯೊಬ್ಬರು ಓದಿ ಒಪ್ಪಬೇಕು. ಇದು ಕೋಡ್ ರಿವ್ಯೂ. 1976ರಲ್ಲೇ ಐಬಿಎಂನ ಮೈಕಲ್ ಫೇಗನ್ ಕೋಡನ್ನು ಕ್ರಮವಾಗಿ ಕೂತು ಪರಿಶೀಲಿಸುವ ವಿಧಾನವನ್ನು ಬರೆದು ಪ್ರಕಟಿಸಿದ್ದರು. ಆಗ ಎಲ್ಲರೂ ಒಂದು ಕೋಣೆಯಲ್ಲಿ ಸೇರುತ್ತಿದ್ದರು. ಈಗ ಪುಲ್ ರಿಕ್ವೆಸ್ಟ್ ಎಂಬ ಪುಟದಲ್ಲಿ ಬದಲಾದ ಸಾಲುಗಳ ಪಕ್ಕದಲ್ಲೇ ಪ್ರಶ್ನೆ ಬರೆಯುತ್ತಾರೆ.

ನಾನು ರಿವ್ಯೂ ಬೆಲೆ ಅರಿತದ್ದು ಒಂದೇ ಪ್ರಶ್ನೆಯಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗ್ರಾಹಕರ ಆರ್ಡರ್‌ಗಳ ಪಟ್ಟಿ ತೋರಿಸುವ ಕೋಡ್ ಬರೆದಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಬರುತ್ತಿತ್ತು. ಹಿರಿಯ ಸಹೋದ್ಯೋಗಿ ಓದಿ, 'ಆರ್ಡರ್ 20 ಇದ್ದರೆ ಡೇಟಾಬೇಸ್‌ಗೆ ಎಷ್ಟು ಸಲ ಹೋಗುತ್ತದೆ?' ಎಂದು ಕೇಳಿದರು. ಲೆಕ್ಕ ಹಾಕಿದೆ. ಪಟ್ಟಿಗೆ ಒಂದು ಸಲ, ಪ್ರತಿ ಆರ್ಡರಿನ ವಿವರಕ್ಕೆ ಒಂದೊಂದು ಸಲ, ಒಟ್ಟು 21. ಸಾವಿರ ಇದ್ದರೆ 1001. ಅಂಗಡಿಗೆ ಹೋಗಿ ಒಂದು ಸಾಮಾನು ತಂದು, ಮತ್ತೆ ಹೋಗಿ ಇನ್ನೊಂದು ತಂದ ಹಾಗೆ. ಪಟ್ಟಿ ಹಿಡಿದು ಒಂದೇ ಸಲ ಹೋಗಬಹುದಿತ್ತು. 'ನಿನ್ನ ಕೋಡ್ ನಿಧಾನ' ಎಂದು ಅವರು ಹೇಳಬಹುದಿತ್ತು. ಪ್ರಶ್ನೆ ಕೇಳಿದರು, ಉತ್ತರ ನಾನೇ ಹುಡುಕಿದೆ. ಆಮೇಲೆ ಆ ತಪ್ಪು ನನ್ನಿಂದ ಆಗಲಿಲ್ಲ.

ರಿವ್ಯೂಗೆ ಕಳಿಸುವ ಬದಲಾವಣೆ ಚಿಕ್ಕದಾಗಿರಬೇಕು. 50 ಸಾಲು ಕೊಟ್ಟರೆ ಜನ ಓದುತ್ತಾರೆ. 2000 ಸಾಲು ಕೊಟ್ಟರೆ ಮೇಲಿಂದ ಕೆಳಗೆ ಕಣ್ಣಾಡಿಸಿ 'ಸರಿಯಿದೆ' ಅಂದುಬಿಡುತ್ತಾರೆ. ಅಕ್ಷರಗಳ ನಡುವಿನ ಅಂತರ, ಆವರಣ ಚಿಹ್ನೆಯ ಜಾಗ ಇಂಥದ್ದನ್ನೆಲ್ಲ ನೋಡಲು ಸಾಫ್ಟ್‌ವೇರ್ ಇದೆ. ಮನುಷ್ಯರ ಸಮಯ ಅದಕ್ಕೆ ಹೋಗಬಾರದು.

ರಿವ್ಯೂ ಎಲ್ಲವನ್ನೂ ಹಿಡಿಯುತ್ತದೆ ಎಂದೂ ತಿಳಿಯಬೇಡಿ. ಇಂಟರ್ನೆಟ್ಟಿನ ಬಹುಪಾಲು ಗೌಪ್ಯ ಮಾತುಕತೆ ನಂಬಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ 2014ರ ಏಪ್ರಿಲ್‌ನಲ್ಲಿ ಬಯಲಾಯಿತು. 'ಇಷ್ಟು ಉದ್ದದ ಪದ ಕಳಿಸಿದ್ದೇನೆ, ಹಾಗೇ ವಾಪಸ್ ಕಳಿಸು' ಎಂದರೆ ಸರ್ವರ್ ಆ ಉದ್ದ ನಿಜವೇ ಎಂದು ನೋಡದೆ ತನ್ನ ನೆನಪಿನಲ್ಲಿದ್ದ ಬೇರೆ ಗುಟ್ಟುಗಳನ್ನೂ ಸೇರಿಸಿ ಕಳಿಸುತ್ತಿತ್ತು. ಆ ಕೋಡನ್ನು ಸೇರಿಸುವ ಮೊದಲು ಇನ್ನೊಬ್ಬರು ಓದಿದ್ದರು. ಅವರಿಗೂ ಕಾಣಲಿಲ್ಲ. ಎರಡು ವರ್ಷಕ್ಕೂ ಜಾಸ್ತಿ ಅದು ಅಲ್ಲೇ ಇತ್ತು.

## ಟೆಸ್ಟ್ ಯಾವುದನ್ನು ಹಿಡಿಯುತ್ತದೆ?

ಟೆಸ್ಟ್ ಅಂದರೆ ಕೋಡನ್ನು ಪರೀಕ್ಷಿಸುವ ಇನ್ನೊಂದು ಕೋಡ್. 'ಒಂದೇ ಸಂಖ್ಯೆಯ ಪಾವತಿ ಎರಡು ಸಲ ಬಂದರೆ ಹಣ ಒಂದೇ ಸಲ ಹೋಗಬೇಕು' ಎಂದು ಬರೆದಿಟ್ಟರೆ, ಯಾರು ಯಾವಾಗ ಕೋಡ್ ಬದಲಿಸಿದರೂ ಆ ಮಾತು ನಿಂತಿದೆಯೇ ಎಂದು ಕಂಪ್ಯೂಟರ್ ತಾನೇ ನೋಡುತ್ತದೆ. ಆಗಲೇ ಹೇಳಿದ ಆ ವಿಚಿತ್ರ ಚೆಕ್ಕನ್ನು ಹೊಸಬರು ತೆಗೆದರೆ ಟೆಸ್ಟ್ ಕೂಡಲೇ ಕೆಂಪು ದೀಪ ತೋರಿಸುತ್ತದೆ.

ಆದರೆ ಟೆಸ್ಟ್ ಉತ್ತರ ಕೊಡುವುದು ನಾವು ಕೇಳಿದ ಪ್ರಶ್ನೆಗೆ ಮಾತ್ರ. ಏರಿಯಾನ್ 5 ರಾಕೆಟ್ 1996ರ ಜೂನ್ 4ರಂದು ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡಿನಲ್ಲಿ ನಾಶವಾಯಿತು. ಹಿಂದಿನ ಏರಿಯಾನ್ 4ರ ಕೋಡನ್ನು ಅದರಲ್ಲಿ ಮರುಬಳಸಿದ್ದರು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುಂಬಬೇಕಿತ್ತು. ಅಲ್ಲಿ ಹಿಡಿಸುವುದು 32,767ರವರೆಗೆ. ಏರಿಯಾನ್ 4ರಲ್ಲಿ ಆ ಸಂಖ್ಯೆ ಅಷ್ಟು ಬೆಳೆಯುತ್ತಿರಲಿಲ್ಲ. ಹೊಸ ರಾಕೆಟ್‌ನಲ್ಲಿ ಬೆಳೆಯಿತು. ಆಪತ್ತಿಗೆಂದು ಇಟ್ಟಿದ್ದ ಎರಡನೇ ಕಂಪ್ಯೂಟರಿನಲ್ಲೂ ಅದೇ ಕೋಡ್, ಅದೂ ನಿಂತಿತು. ಹೊಸ ರಾಕೆಟ್ಟಿನ ಹಾದಿಯ ಲೆಕ್ಕ ಕೊಟ್ಟು ಆ ಭಾಗವನ್ನು ಪರೀಕ್ಷಿಸಿಯೇ ಇರಲಿಲ್ಲ.

## ಎಂಟರಲ್ಲಿ ಒಂದು ಸರ್ವರ್

ಹೊಸ ಕೋಡನ್ನು ಸರ್ವರ್‌ಗಳಿಗೆ ಹಾಕುವುದಕ್ಕೆ ಡಿಪ್ಲಾಯ್ ಅನ್ನುತ್ತೇವೆ. ಅಮೆರಿಕದ ಷೇರು ವ್ಯಾಪಾರ ಸಂಸ್ಥೆ ನೈಟ್ ಕ್ಯಾಪಿಟಲ್ 2012ರಲ್ಲಿ ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಕೈಯಿಂದ ಮಾಡುವಾಗ ಒಂದು ಬಿಟ್ಟುಹೋಯಿತು. ಇನ್ನೊಬ್ಬರು ನೋಡಿ ಖಚಿತಪಡಿಸುವ ಪದ್ಧತಿ ಇರಲಿಲ್ಲ. ಆ ಒಂದು ಸರ್ವರ್‌ನಲ್ಲಿ 2003ರಿಂದ ಯಾರೂ ಬಳಸದ ಹಳೆಯ ಕೋಡ್ ಹಾಗೇ ಉಳಿದಿತ್ತು. ಅದನ್ನು ಚಾಲೂ ಮಾಡುತ್ತಿದ್ದ ಗುರುತನ್ನೇ ಹೊಸ ಕೆಲಸಕ್ಕೆ ಬಳಸಿದ್ದರು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಸತ್ತಂತಿದ್ದ ಆ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ 40 ಲಕ್ಷದಷ್ಟು ವಹಿವಾಟು ನಡೆಸಿತು. ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು.

ನನಗೆ ಹೆಚ್ಚು ನೋವು ತರುವ ವಿವರ ಬೇರೆ. ಮಾರುಕಟ್ಟೆ ತೆರೆಯುವ ಮೊದಲೇ ಅವರ ವ್ಯವಸ್ಥೆ ತಾನಾಗಿ 97 ಇಮೇಲ್ ಕಳಿಸಿತ್ತು. ಆ ಹಳೆಯ ಕೋಡಿನ ಹೆಸರೇ ಅದರಲ್ಲಿತ್ತು. ಆ ಇಮೇಲ್‌ಗಳು ಎಚ್ಚರಿಕೆ ಎಂದು ಯಾರೂ ನಿಗದಿ ಮಾಡಿರಲಿಲ್ಲ, ಹಾಗಾಗಿ ಯಾರೂ ಅವುಗಳ ಮೇಲೆ ಕ್ರಮ ಕೈಗೊಳ್ಳಲಿಲ್ಲ.

ಹಾಗಾಗಿ ಡಿಪ್ಲಾಯ್ ಕೆಲಸವನ್ನು ಈಗ ಯಂತ್ರಕ್ಕೆ ಬಿಡುತ್ತೇವೆ. ಬಳಸದ ಕೋಡನ್ನು ಅಳಿಸುತ್ತೇವೆ, ಗಿಟ್‌ನಲ್ಲಿ ಹೇಗೂ ಇರುತ್ತದೆ. ಹೊಸದನ್ನು ಮೊದಲು ಕೆಲವೇ ಬಳಕೆದಾರರಿಗೆ ಕೊಟ್ಟು ನೋಡುತ್ತೇವೆ. ಎಚ್ಚರಿಕೆ ಬಂದರೆ ಯಾರ ಫೋನು ಬಾರಿಸಬೇಕು ಎಂದು ಮೊದಲೇ ಬರೆದಿಡುತ್ತೇವೆ.

## ಜನ ಹೆಚ್ಚಿದರೆ ಕೆಲಸ ಬೇಗ ಮುಗಿಯುತ್ತದೆಯೇ?

ಹೊರಗಿನವರು ಆಗಾಗ ಕೇಳುವ ಪ್ರಶ್ನೆ ಇದು. ಐಬಿಎಂನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂನ ಕೆಲಸವನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದಕ್ಕೆ ಉತ್ತರ ಬರೆದರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಕಾರಣ ಸರಳ. 5 ಜನರ ತಂಡದಲ್ಲಿ ಇಬ್ಬಿಬ್ಬರ ನಡುವೆ 10 ಮಾತಿನ ದಾರಿಗಳಿರುತ್ತವೆ. 10 ಜನರಾದರೆ 45. ಅದರ ಮೇಲೆ ಹೊಸಬರಿಗೆ ಕಲಿಸುವವರು ಹಳಬರೇ.

## ತಪ್ಪಾದ ಮೇಲೆ ಯಾರನ್ನು ಕೇಳಬೇಕು?

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಡೇಟಾಬೇಸ್ ತೊಂದರೆಯೊಂದನ್ನು ಸರಿಪಡಿಸುತ್ತಿದ್ದರು. ಹೊತ್ತು ಮೀರಿತ್ತು. ನಕಲು ಸರ್ವರ್‌ನಲ್ಲಿ ಅಳಿಸಬೇಕಿದ್ದ ಫೋಲ್ಡರನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ನೋಡಿದರೆ, ದಿನಾ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಸಾಧನದ ಆವೃತ್ತಿ ಹೊಂದದೆ ಅದು ಸೋಲುತ್ತಿತ್ತು. ಸೋತಿದೆ ಎಂದು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಅದೇ ಎಂಜಿನಿಯರ್ ಬೇರೊಂದು ಕೆಲಸಕ್ಕೆಂದು ತೆಗೆದಿಟ್ಟಿದ್ದ ನಕಲೇ ಕೊನೆಗೆ ಉಳಿಸಿತು. ಸಂಸ್ಥೆ ಇದನ್ನು ಮುಚ್ಚಿಡಲಿಲ್ಲ. ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು. ಆಮೇಲೆ ಪೂರ್ತಿ ವಿವರ ಪ್ರಕಟಿಸಿತು.

ಇಂಥ ವರದಿಯನ್ನು ಪೋಸ್ಟ್‌ಮಾರ್ಟಮ್ ಅನ್ನುತ್ತೇವೆ. ಒಳ್ಳೆಯ ತಂಡದಲ್ಲಿ ಅದನ್ನು ಯಾರನ್ನೂ ದೂರದೆ ಬರೆಯುತ್ತಾರೆ. ಕರುಣೆ ಇದಕ್ಕೊಂದು ಕಾರಣ, ಕೆಲಸ ಆಗಬೇಕು ಅನ್ನುವುದು ಇನ್ನೂ ದೊಡ್ಡ ಕಾರಣ. ಶಿಕ್ಷೆಯ ಭಯವಿದ್ದರೆ ಮುಂದಿನ ಸಲ ಜನ ಮುಚ್ಚಿಡುತ್ತಾರೆ. ಆಗ ಬ್ಯಾಕಪ್ ಆಗುತ್ತಿಲ್ಲ ಎಂಬಂಥ ಸತ್ಯ ಹೊರಗೇ ಬರುವುದಿಲ್ಲ. 'ಯಾರು ಅಳಿಸಿದರು' ಎಂದು ಕೇಳಿದರೆ ಒಂದು ಹೆಸರು ಸಿಗುತ್ತದೆ. 'ಎರಡೂ ಸರ್ವರ್‌ಗಳ ಪರದೆ ಯಾಕೆ ಒಂದೇ ಥರ ಕಾಣುತ್ತಿತ್ತು, ಬ್ಯಾಕಪ್ಪಿನಿಂದ ಮರಳಿ ಪಡೆಯುವುದನ್ನು ಯಾರು ಯಾವಾಗ ಪರೀಕ್ಷಿಸಬೇಕಿತ್ತು' ಎಂದು ಕೇಳಿದರೆ ನಾಳೆ ಮಾಡಬೇಕಾದ ಕೆಲಸ ಸಿಗುತ್ತದೆ.

## ಹಾಗಾದರೆ ಆ ಟಿಕೆಟ್ ಏನಾಯಿತು?

ನಮ್ಮ ಡೇಟಾಬೇಸ್‌ನಲ್ಲಿ ನಿಮ್ಮ ಪಾವತಿಯ ಮುಂದೆ 'ಗೊತ್ತಿಲ್ಲ' ಎಂದು ಬರೆದಿರುತ್ತದೆ. ಒಂದು ಪುಟ್ಟ ಪ್ರೋಗ್ರಾಂ ಆಗಾಗ ಇಂಥವನ್ನೆಲ್ಲ ಆರಿಸಿ, ಅದೇ ಸಂಖ್ಯೆ ಹೇಳಿ, 'ಇದರ ಸ್ಥಿತಿ ಏನು?' ಎಂದು ಬ್ಯಾಂಕನ್ನು ಕೇಳುತ್ತದೆ. ಆಮೇಲೆ ನಮ್ಮ ಪಟ್ಟಿ, ಬ್ಯಾಂಕಿನ ಪಟ್ಟಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ಕೆಲಸವೂ ನಡೆಯುತ್ತದೆ. ಹಣ ಬಂದಿದ್ದು ಸೀಟು ಇನ್ನೂ ಇದ್ದರೆ ಟಿಕೆಟ್ ಕೊಡಬಹುದು. ಸೀಟು ಹೋಗಿದ್ದರೆ ಹಣ ವಾಪಸ್. ಆ ಹಣ ಒಂದಕ್ಕಿಂತ ಹೆಚ್ಚು ಸಂಸ್ಥೆಗಳನ್ನು ದಾಟಬೇಕು, ಹಲವು ಕಡೆ ವ್ಯವಹಾರಗಳನ್ನು ಒಟ್ಟುಗೂಡಿಸಿ ಒಂದೇ ಸಲ ಲೆಕ್ಕ ತೀರಿಸುತ್ತಾರೆ. ಮರಳಿ ಬರಲು ದಿನಗಳು ಹಿಡಿಯುವುದು ಅದಕ್ಕೇ.

ಆದ್ದರಿಂದ ಬಟನ್ ಮತ್ತೆ ಒತ್ತುವ ಮೊದಲು ನಿಮ್ಮ ಬುಕಿಂಗ್‌ಗಳ ಪುಟ ತೆರೆದು ನೋಡಿ. ಸ್ವಲ್ಪ ಹೊತ್ತು ಕಾಯಿರಿ. ಹೊಸ ಪುಟದಿಂದ ಮತ್ತೆ ಶುರುಮಾಡಿದರೆ ಹೊಸ ಸಂಖ್ಯೆ ಹುಟ್ಟುತ್ತದೆ, ಅದು ಹೊಸ ಪಾವತಿಯೇ ಆಗಿಬಿಡಬಹುದು. ಬ್ಯಾಂಕಿನ ಮೆಸೇಜ್‌ನಲ್ಲಿರುವ ವ್ಯವಹಾರದ ಸಂಖ್ಯೆಯನ್ನು ಜೋಪಾನವಾಗಿಡಿ. ನೀವು ದೂರು ಕೊಟ್ಟಾಗ ಸರದಿಯ ಮೇಲಿರುವ ಡೆವಲಪರ್ ಲಾಗ್ (ನಡೆದದ್ದನ್ನೆಲ್ಲ ಸರ್ವರ್ ಬರೆದಿಡುವ ದಾಖಲೆ) ತೆರೆದು ಮೊದಲು ಹುಡುಕುವುದು ಅದೇ ಸಂಖ್ಯೆಯನ್ನು.